ಇಲ್ಲಿ ಸೋತ ದಾವೆ ಬೆಂಗಳೂರಿನಲ್ಲಿ ಏನಾಗುತ್ತದೆ?

ಕಾನೂನು ಅಂಕಣ: ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಹೈಕೋರ್ಟಿಗೆ ಸಂಬಂಧಿಸಿದವು. ಪಾಲು, ಕುಮ್ಕಿ, ಅಪಘಾತ, ಚೆಕ್ಕು ಎಂದು ವಿಷಯಗಳು ಬೇರೆ ಬೇರೆಯಾದರೂ ಪತ್ರ ಬರೆದವರ ನಿರೀಕ್ಷೆ ಹೆಚ್ಚುಕಡಿಮೆ ಒಂದೇ: ಮಂಗಳೂರಿನಲ್ಲೋ ಉಡುಪಿಯಲ್ಲೋ ಕಳೆದುಕೊಂಡದ್ದನ್ನು ಬೆಂಗಳೂರಿನಲ್ಲಿ ಮೊದಲಿನಿಂದ ವಾದಿಸಿ ಪಡೆಯಬಹುದು ಎಂಬುದು. ಹೈಕೋರ್ಟಿಗೆ ಹೋಗುವ ಅರ್ಜಿಗಳಲ್ಲಿ ಹಲವು ಬಗೆಗಳಿವೆ. ನ್ಯಾಯಮೂರ್ತಿಗಳು ಎಷ್ಟನ್ನು ನೋಡಬಹುದು, ಎಲ್ಲಿ ನಿಲ್ಲಬೇಕು ಎಂಬುದು ಆ ಬಗೆಯಿಂದಲೇ ತೀರ್ಮಾನವಾಗುತ್ತದೆ. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ಪ್ರಕರಣದ ನ್ಯಾಯಾನ್ಯಾಯಕ್ಕೆ ಹೋಗುವ ಮೊದಲು ಅದು ಯಾವ ಬಗೆಯ ಅರ್ಜಿಯಾಗುತ್ತದೆ ಎಂಬುದನ್ನು ಹೇಳಿದ್ದೇನೆ.

ಪ್ರಶ್ನೆ: ನಮ್ಮ ತಂದೆಯವರು 1998ರಲ್ಲಿ ತೀರಿಕೊಂಡರು. ಅವರಿದ್ದಾಗಲೇ, 1996ರಲ್ಲಿ, ಊರಿನ ಹಿರಿಯರ ಸಮಕ್ಷಮ ಬಾಯಿಮಾತಿನ ಪಾಲಾಗಿತ್ತು. 1988ರಲ್ಲಿ ಮದುವೆಯಾಗಿ ಹೋದ ಅಕ್ಕ ಪಾಲು ಕೇಳಿ ದಾವೆ ಹೂಡಿದರು. ಮೂಡುಬಿದಿರೆಯ ನ್ಯಾಯಾಲಯವೂ ಮಂಗಳೂರಿನ ಮೇಲ್ಮನವಿ ನ್ಯಾಯಾಲಯವೂ ಅವರ ಪರವಾಗಿ ತೀರ್ಪು ಕೊಟ್ಟಿವೆ. ಪಾಲಿನ ದಿನ ಹಾಜರಿದ್ದ ಹಿರಿಯರೊಬ್ಬರು ಈಗ ಸಾಕ್ಷಿ ಹೇಳಲು ಒಪ್ಪಿದ್ದಾರೆ. ಹೈಕೋರ್ಟಿನಲ್ಲಿ ಅವರನ್ನು ವಿಚಾರಿಸುತ್ತಾರೆಯೇ? (ಓದುಗರು, ಮೂಡುಬಿದಿರೆ)

ಉತ್ತರ: ವಿಚಾರಿಸುವ ಸಾಧ್ಯತೆ ಬಹಳ ಕಡಿಮೆ. ನೀವು ಸಲ್ಲಿಸಬೇಕಾದದ್ದು ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೆಯ ಕಲಮಿನ ಎರಡನೆಯ ಮೇಲ್ಮನವಿ. ಎರಡು ನ್ಯಾಯಾಲಯಗಳು ಒಂದೇ ತೀರ್ಮಾನಕ್ಕೆ ಬಂದ ಮೇಲೆ ಘಟನೆ ನಡೆಯಿತೇ ಇಲ್ಲವೇ ಎಂಬ ಚರ್ಚೆ ಅಲ್ಲಿಗೆ ಮುಗಿಯಿತು ಎಂದು ಕಾನೂನು ಭಾವಿಸುತ್ತದೆ. ಹೈಕೋರ್ಟ್ ಈ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಬೇಕಾದರೆ ಅದರಲ್ಲಿ ಗಣನೀಯವಾದ ಕಾನೂನಿನ ಪ್ರಶ್ನೆಯೊಂದು ಇರಬೇಕು ಮತ್ತು ಆ ಪ್ರಶ್ನೆಯನ್ನು ನ್ಯಾಯಮೂರ್ತಿಗಳು ವಾಕ್ಯರೂಪದಲ್ಲಿ ಬರೆದು ದಾಖಲಿಸಬೇಕು. ಪ್ರಶ್ನೆಯೇ ಹುಟ್ಟದಿದ್ದರೆ ಮೇಲ್ಮನವಿ ಅಡ್ಮಿಷನ್ ಹಂತದಲ್ಲಿಯೇ ವಜಾ ಆಗುತ್ತದೆ. ಎದುರು ಪಕ್ಷಕ್ಕೆ ನೋಟೀಸು ಕೂಡ ಹೋಗುವುದಿಲ್ಲ.

ಹೊಸ ಸಾಕ್ಷಿಯ ವಿಚಾರಕ್ಕೆ ಅದೇ ಸಂಹಿತೆಯ 41ನೆಯ ಆದೇಶದ 27ನೆಯ ನಿಯಮವಿದೆ. ಕೆಳಗಿನ ನ್ಯಾಯಾಲಯ ಸಾಕ್ಷ್ಯವನ್ನು ತಪ್ಪಾಗಿ ನಿರಾಕರಿಸಿದ್ದರೆ, ಅಥವಾ ಎಷ್ಟೇ ಪ್ರಯತ್ನಿಸಿದರೂ ಆಗ ಅದು ನಿಮ್ಮ ಕೈಗೆ ಸಿಗುವಂತಿರಲಿಲ್ಲವೆಂದಾದರೆ, ಅಥವಾ ತೀರ್ಪು ಬರೆಯಲು ನ್ಯಾಯಾಲಯಕ್ಕೇ ಅದು ಬೇಕೆನಿಸಿದರೆ ಮಾತ್ರ ಹೆಚ್ಚುವರಿ ಸಾಕ್ಷ್ಯಕ್ಕೆ ಅವಕಾಶ. ಪಾಲಿನ ದಿನ ಆ ಹಿರಿಯರು ಅಲ್ಲಿದ್ದರು ಎಂಬುದು ದಾವೆ ನಡೆಯುತ್ತಿದ್ದಾಗಲೇ ನಿಮಗೆ ಗೊತ್ತಿತ್ತು. ಅವರು ಆಗ ಒಪ್ಪಲಿಲ್ಲ, ಈಗ ಒಪ್ಪಿದ್ದಾರೆ ಎಂಬುದು ಈ ಮೂರರಲ್ಲಿ ಯಾವುದರೊಳಗೂ ಸೇರುವುದಿಲ್ಲ.

ಕಾನೂನಿನ ದೃಷ್ಟಿಯಿಂದಲೂ ದಾರಿ ಕಠಿಣವಾಗಿದೆ. 1994ರ ಜುಲೈ 30ರಿಂದ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. ಅದನ್ನೇ ನೆನಪಿಟ್ಟುಕೊಂಡು ವಾದಿಸುವ ಅಣ್ಣತಮ್ಮಂದಿರು ನಮ್ಮ ಜಿಲ್ಲೆಯಲ್ಲಿ ಇಂದಿಗೂ ಬಹಳ ಮಂದಿ ಇದ್ದಾರೆ. ಆದರೆ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯ ದಿನಾಂಕಕ್ಕೆ ಬೆಲೆಯಿಲ್ಲ. ಆ ದಿನ ತಂದೆ ಬದುಕಿರಬೇಕಾದ ಅಗತ್ಯವೂ ಇಲ್ಲವೆಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲು ಆಗಿಹೋದ ಪಾಲನ್ನು ಕಾನೂನು ಕದಲಿಸುವುದಿಲ್ಲ ಎಂಬುದು ನಿಜ. ಆದರೆ ಬಾಯಿಮಾತಿನ ಪಾಲನ್ನು ಸಾಮಾನ್ಯವಾಗಿ ಒಪ್ಪಲಾಗದು, ಸಾರ್ವಜನಿಕ ದಾಖಲೆಗಳ ಬೆಂಬಲವಿದ್ದು ಪಾಲಾದದ್ದು ನಿಸ್ಸಂಶಯವಾಗಿ ತೋರಿಬಂದರೆ ಅಪವಾದವಾಗಿ ಮಾತ್ರ ಒಪ್ಪಬಹುದು ಎಂದು ಅದೇ ತೀರ್ಪು ಹೇಳುತ್ತದೆ.

ನಿಮಗೆ ಉಳಿದಿರುವ ಆಸೆ ಇಲ್ಲಿಯೇ ಇದೆ. 1996ರ ನಂತರ ಪಹಣಿ ಬೇರೆ ಬೇರೆ ಹೆಸರಿಗಾಗಿದ್ದು, ಆ ಪಾಲುಗಳ ಮೇಲೆ ಒಬ್ಬೊಬ್ಬರೂ ಪ್ರತ್ಯೇಕವಾಗಿ ಸೊಸೈಟಿ ಸಾಲ ಎತ್ತಿದ್ದು, ತೀರ್ವೆಯನ್ನೂ ಬೇರೆಯಾಗಿ ಕಟ್ಟಿದ್ದು, ಆ ಕಾಗದಗಳು ದಾವೆಯಲ್ಲಿ ಹಾಜರಾಗಿದ್ದರೂ ಎರಡೂ ತೀರ್ಪುಗಳು ಅವನ್ನು ಮುಟ್ಟದೆಯೇ ಬಿಟ್ಟಿದ್ದರೆ, ಮುಖ್ಯ ದಾಖಲೆಯನ್ನು ಕಡೆಗಣಿಸಿದ ತೀರ್ಮಾನ ವಿಕೃತವಾಗುತ್ತದೆ ಎಂಬ ಆಧಾರದ ಮೇಲೆ ಕಾನೂನಿನ ಪ್ರಶ್ನೆ ಏಳಬಹುದು. ಆ ಕಾಗದಗಳನ್ನು ಆಗ ಹಾಜರುಪಡಿಸದೆ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದರೆ ಈ ಆಸೆಯೂ ಕ್ಷೀಣ. ಎರಡೂ ತೀರ್ಪುಗಳನ್ನು ಮತ್ತು ಹಾಜರಾದ ದಾಖಲೆಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಪ್ರತಿ ದಾಖಲೆಯ ಬಗ್ಗೆ ತೀರ್ಪಿನ ಯಾವ ಪರಿಚ್ಛೇದದಲ್ಲಿ ಏನು ಹೇಳಿದೆಯೆಂದು ಗುರುತು ಮಾಡಿಕೊಂಡು ಹೋಗಿ. ಹೈಕೋರ್ಟ್ ವಕೀಲರು ನಿಮ್ಮನ್ನು ಮೊದಲು ಕೇಳುವುದೇ ಅದನ್ನು. ಅವಧಿ 90 ದಿನ. ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಇದರಿಂದ ಕಳೆಯಲಾಗುತ್ತದೆ.

ನಿಮ್ಮ ಕುಟುಂಬ ಯಾವ ಕಟ್ಟಿಗೆ ಸೇರಿದ್ದೆಂದು ನೀವು ತಿಳಿಸಿಲ್ಲ. ಮೇಲೆ ಹೇಳಿದ್ದು ಮಕ್ಕಳಕಟ್ಟಿನವರಿಗೆ, ಅಂದರೆ ತಂದೆಯ ಕಡೆಯಿಂದ ವಂಶ ಎಣಿಸುವವರಿಗೆ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನವರಾದರೆ (ಅಳಿಯಸಂತಾನದವರಾದರೆ) ಹಿಂದೂ ಉತ್ತರಾಧಿಕಾರ ಕಾಯಿದೆಯ 7ನೆಯ ಕಲಮು ಅನ್ವಯವಾಗಿ ಲೆಕ್ಕಾಚಾರವೇ ಬೇರೆಯಾಗುತ್ತದೆ. ಹೈಕೋರ್ಟಿನ ಒಂದು ತೀರ್ಪು ಎಷ್ಟು ದೂರ ಬಾಳುತ್ತದೆ ಎಂಬುದಕ್ಕೆ ನಮ್ಮ ಅಳಿಯಸಂತಾನಕ್ಕಿಂತ ಹತ್ತಿರದ ಉದಾಹರಣೆ ಇಲ್ಲ. ಕುಟುಂಬದ ಒಬ್ಬ ಸದಸ್ಯ ಬಲವಂತವಾಗಿ ಪಾಲು ಕೇಳುವಂತಿಲ್ಲ ಎಂದು ಮದ್ರಾಸ್ ಹೈಕೋರ್ಟ್ 1863ರಲ್ಲಿ ಹೇಳಿತು. ದಕ್ಷಿಣ ಕನ್ನಡ ಆಗ ಆ ಹೈಕೋರ್ಟಿನ ವ್ಯಾಪ್ತಿಯಲ್ಲಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯು ಕವರುಗಳಿಗೆ (ಕುಟುಂಬದೊಳಗಿನ ಕವಲುಗಳಿಗೆ) ಪಾಲು ಕೇಳುವ ಹಕ್ಕನ್ನು ಕೊಡುವವರೆಗೆ, ಅಂದರೆ 86 ವರ್ಷ, ತುಳುನಾಡಿನ ಎಷ್ಟೋ ಗುತ್ತುಮನೆಗಳ ಆಸ್ತಿ ಒಡೆಯದೆ ಉಳಿದದ್ದರ ಹಿಂದೆ ಆ ತೀರ್ಪೂ ಇದೆ.

ಪ್ರಶ್ನೆ: ನಮ್ಮ ವರ್ಗ (ಸ್ವಂತ ಪಟ್ಟಾ) ಜಮೀನಿನ ಕುಮ್ಕಿಯಲ್ಲಿ, ಅಂದರೆ ಅದಕ್ಕೆ ತಾಗಿದ ಸರಕಾರಿ ಜಾಗದಲ್ಲಿ, ಪಕ್ಕದವರು ಅಡಿಕೆ ಗಿಡ ನೆಟ್ಟು ಬೇಲಿ ಹಾಕಿದ್ದಾರೆ. ತಹಶೀಲ್ದಾರರಿಗೆ ಮನವಿ ಕೊಟ್ಟರೂ ಕ್ರಮವಾಗಿಲ್ಲ. ಇಂಥದ್ದೇ ವಿಷಯದಲ್ಲಿ ನಮ್ಮೂರಿನವರೊಬ್ಬರು ರಿಟ್ ಹಾಕಿ ಮೊದಲ ದಿನವೇ ಗೆದ್ದು ಬಂದರು. ನಾವೂ ಹಾಗೆ ಮಾಡಬಹುದೇ? (ಓದುಗರು, ಬಂಟ್ವಾಳ ತಾಲೂಕು)

ಉತ್ತರ: ನಿಮ್ಮೂರಿನವರು ಏನನ್ನು ಗೆದ್ದರು ಎಂಬುದನ್ನು ಆದೇಶ ತೆಗೆದು ಓದಿ. ನನ್ನ ಊಹೆ ಸರಿಯಾದರೆ ಅದರಲ್ಲಿ ಇರುವುದು ಇಷ್ಟು: ಅರ್ಜಿದಾರರ ಮನವಿಯನ್ನು ತಹಶೀಲ್ದಾರರು ಎಲ್ಲರ ಅಹವಾಲು ಕೇಳಿ ಕಾನೂನಿನ ಪ್ರಕಾರ ಇಂತಿಷ್ಟು ವಾರಗಳೊಳಗೆ ಇತ್ಯರ್ಥಪಡಿಸಬೇಕು, ವಿವಾದದ ಗುಣಾವಗುಣಗಳ ಬಗ್ಗೆ ನ್ಯಾಯಾಲಯ ಯಾವ ಅಭಿಪ್ರಾಯವನ್ನೂ ವ್ಯಕ್ತಪಡಿಸಿಲ್ಲ. ರಿಟ್ ಅರ್ಜಿಗಳಲ್ಲಿ ದಿನವೂ ಹೊರಬೀಳುವ ಆದೇಶವಿದು. ಅಧಿಕಾರಿಯು ತನ್ನ ಕರ್ತವ್ಯವನ್ನು ಮಾಡಲಿ ಎಂದಷ್ಟೇ ಇದರ ಅರ್ಥ. ಎರಡು ತಿಂಗಳ ನಂತರ ತಹಶೀಲ್ದಾರರು ಮನವಿಯನ್ನು ತಿರಸ್ಕರಿಸಿದರೂ ಹೈಕೋರ್ಟಿನ ಆದೇಶವನ್ನು ಅವರು ಪಾಲಿಸಿದಂತೆಯೇ ಆಗುತ್ತದೆ. ಸುಮ್ಮನೆ ಕುಳಿತರೆ ಮಾತ್ರ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಬಹುದು. ಅಲ್ಲಿಯೂ ಅವರು ಆದೇಶ ಹೊರಡಿಸಿದರೇ ಎಂದು ಕೇಳುತ್ತಾರೆಯೇ ಹೊರತು ಸರಿಯಾದ ಆದೇಶ ಹೊರಡಿಸಿದರೇ ಎಂದು ಕೇಳುವುದಿಲ್ಲ.

ಸಂವಿಧಾನದ 226ನೆಯ ವಿಧಿಯ ರಿಟ್ ಮುಖ್ಯವಾಗಿ ಸರಕಾರ ಮತ್ತು ಸರಕಾರದ ಅಧಿಕಾರ ಚಲಾಯಿಸುವವರ ವಿರುದ್ಧ ಇರುವ ಪರಿಹಾರ. ನಿಮ್ಮ ನಿಜವಾದ ಜಗಳ ಪಕ್ಕದವರ ಜೊತೆಗೆ. ಬೇಲಿ ಯಾರ ಗಡಿಯಲ್ಲಿದೆ, ಗಿಡ ಎಷ್ಟು ವರ್ಷದ್ದು, ನಿಮ್ಮ ವರ್ಗದ ಅಂಚಿನಿಂದ ಎಷ್ಟು ದೂರ ಎಂಬಂಥ ಪ್ರಶ್ನೆಗಳಿಗೆ ಸರ್ವೆ ನಕ್ಷೆ ಬೇಕು, ಸರ್ವೆಯರನ್ನು ಪಾಟೀ ಸವಾಲಿಗೆ ಒಳಪಡಿಸಬೇಕು. ರಿಟ್ ನಡೆಯುವುದು ಅಫಿಡವಿಟ್ಟು, ಲಗತ್ತಿಸಿದ ಕಾಗದಗಳು ಮತ್ತು ಸರಕಾರದ ಆಕ್ಷೇಪಣೆಯ ಮೇಲೆ. ಸಾಕ್ಷಿಯನ್ನು ಕಟಕಟೆ ಹತ್ತಿಸುವ ಕ್ರಮ ಅಲ್ಲಿ ರೂಢಿಯಲ್ಲಿಲ್ಲ. ಆದ್ದರಿಂದ ವಾಸ್ತವಾಂಶಗಳೇ ವಿವಾದದಲ್ಲಿವೆ ಎಂದು ಕಂಡೊಡನೆ ಹೈಕೋರ್ಟ್ ಪಕ್ಷಗಾರರನ್ನು ಸಿವಿಲ್ ನ್ಯಾಯಾಲಯಕ್ಕೆ ಕಳುಹಿಸುತ್ತದೆ. ಪಹಣಿಯ ಕಾಲಮಿನಲ್ಲಿ ಯಾರ ಹೆಸರಿರಬೇಕು ಎಂಬ ರಿಟ್‌ಗಳಿಗೂ ಬಹುಪಾಲು ಇದೇ ಗತಿ. ಪಹಣಿಯ ನಮೂದಿನಿಂದ ಹಕ್ಕು ಹುಟ್ಟುವುದಿಲ್ಲ, ಹಕ್ಕಿನ ಘೋಷಣೆ ಬೇಕಿದ್ದರೆ ದಾವೆ ಹೂಡಿ ಎಂಬ ಉತ್ತರ ಸಿಗುತ್ತದೆ.

ಕುಮ್ಕಿಯ ಸ್ವರೂಪವೂ ನಿಮಗೆ ಅಷ್ಟು ಅನುಕೂಲವಾಗಿಲ್ಲ. ವರ್ಗ ಜಮೀನಿಗೆ ತಾಗಿದ ನೂರು ಗಜದೊಳಗಿನ ಸರಕಾರಿ ಜಾಗದಿಂದ ಸೊಪ್ಪು, ಮೇವು, ಬೇಸಾಯಕ್ಕೂ ಮನೆಬಳಕೆಗೂ ಬೇಕಾದ ಮರ ತೆಗೆದುಕೊಳ್ಳುವ ಸವಲತ್ತು ಅದು. ಭೂಕಂದಾಯ ಕಾಯಿದೆ, 1964ರ 79ನೆಯ ಕಲಮಿನ ಎರಡನೆಯ ಉಪಕಲಮು ಆ ಸವಲತ್ತನ್ನು ಉಳಿಸಿದೆ, ಜಾಗದ ಒಡೆತನ ಮಾತ್ರ ಸರಕಾರದ್ದೇ. ಹೈಕೋರ್ಟಿನಲ್ಲಿ ‘ನನ್ನ ಜಾಗ’ ಎಂದು ಬರೆದ ಅರ್ಜಿ ಮೊದಲ ಪುಟದಲ್ಲಿಯೇ ತೊಡಕಿಗೆ ಬೀಳುತ್ತದೆ. ‘ನನ್ನ ಸವಲತ್ತಿಗೆ ಅಡ್ಡಿಯಾಗುತ್ತಿದೆ, ಸರಕಾರಿ ಜಾಗದ ಒತ್ತುವರಿಯನ್ನು ಅಧಿಕಾರಿ ತೆರವುಗೊಳಿಸುತ್ತಿಲ್ಲ’ ಎಂದು ಬರೆದರೆ ಕನಿಷ್ಠ ಮೇಲೆ ಹೇಳಿದಂಥ ನಿರ್ದೇಶನ ದೊರಕೀತು. ಅದಕ್ಕೂ ಮುನ್ನ ಮನವಿ ಕೊಟ್ಟಿದ್ದಕ್ಕೆ ಸ್ವೀಕೃತಿಯ ಮೊಹರು ಇದೆಯೇ ನೋಡಿಕೊಳ್ಳಿ. ಮೊಹರಿಲ್ಲದ ಮನವಿಯನ್ನು ಇಟ್ಟುಕೊಂಡು ಬೆಂಗಳೂರಿಗೆ ಹೊರಡುವವರನ್ನು ನಾನು ಬಹಳ ನೋಡಿದ್ದೇನೆ.

ತಹಶೀಲ್ದಾರರು ನಿಮ್ಮ ವಿರುದ್ಧ ಆದೇಶ ಮಾಡಿದರೂ ನೇರವಾಗಿ ರಿಟ್ ಹಾಕುವಂತಿಲ್ಲ, ಮೊದಲು ಸಹಾಯಕ ಆಯುಕ್ತರ ಮುಂದೆ ಮೇಲ್ಮನವಿ. ನಿಮಗೆ ನೋಟೀಸನ್ನೇ ಕೊಡದೆ ಆದೇಶ ಮಾಡಿದ್ದರೆ, ಅಧಿಕಾರವೇ ಇಲ್ಲದವರು ಆದೇಶ ಮಾಡಿದ್ದರೆ, ಮೂಲಭೂತ ಹಕ್ಕಿನ ಉಲ್ಲಂಘನೆಯಾಗಿದ್ದರೆ ಅಥವಾ ಕಾನೂನಿನ ಸಿಂಧುತ್ವವನ್ನೇ ಪ್ರಶ್ನಿಸುತ್ತಿದ್ದರೆ ಮಾತ್ರ ಹೈಕೋರ್ಟ್ ಈ ಮೆಟ್ಟಿಲನ್ನು ಬಿಟ್ಟುಕೊಡುವುದುಂಟು.

ಪ್ರಶ್ನೆ: ನನ್ನ ಗಂಡ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಿದ್ದರು. ಬೆಳಗಿನ ಜಾವ ಬಂದರಿಗೆ ಬೈಕಿನಲ್ಲಿ ಹೋಗುವಾಗ ಲಾರಿ ಡಿಕ್ಕಿಯಾಗಿ ತೀರಿಕೊಂಡರು. ಆಗ ಅವರಿಗೆ 38 ವರ್ಷ. ನಾನು, ಇಬ್ಬರು ಮಕ್ಕಳು ಮತ್ತು ಅತ್ತೆ ಇದ್ದೇವೆ. ಉಡುಪಿಯ ನ್ಯಾಯಮಂಡಳಿ ತಿಂಗಳಿಗೆ 12,000 ರೂಪಾಯಿ ಆದಾಯವೆಂದು ಹಿಡಿದು, ಅವಲಂಬನೆಯ ನಷ್ಟಕ್ಕೆ 16,20,000 ರೂಪಾಯಿ ಕೊಟ್ಟಿದೆ. ಇದೂ ಹೆಚ್ಚಾಯಿತೆಂದು ವಿಮಾ ಕಂಪನಿ ಹೈಕೋರ್ಟಿಗೆ ಹೋಗಿದೆ. ಇದ್ದದ್ದೂ ಹೋಗುತ್ತದೆಯೇ? (ಓದುಗರು, ಮಲ್ಪೆ)

ಉತ್ತರ: ಹೆದರಬೇಡಿ ತಾಯಿ. ನಿಮ್ಮ ಪ್ರಕರಣದಲ್ಲಿ ಮೊತ್ತ ಹೆಚ್ಚಾಗುವ ಸಾಧ್ಯತೆಯೇ ಕಾಣುತ್ತಿದೆ. ಮೋಟಾರು ವಾಹನ ಕಾಯಿದೆಯ 173ನೆಯ ಕಲಮಿನ ಈ ಮೇಲ್ಮನವಿ ಮೂಡುಬಿದಿರೆಯವರ ಎರಡನೆಯ ಮೇಲ್ಮನವಿಯಂಥದ್ದಲ್ಲ. ಇದು ಮೊದಲ ಮೇಲ್ಮನವಿಯಾದ್ದರಿಂದ ಹೈಕೋರ್ಟ್ ಉಡುಪಿಯ ಕಡತವನ್ನು ತರಿಸಿಕೊಂಡು ಸಾಕ್ಷ್ಯವನ್ನೂ ಲೆಕ್ಕವನ್ನೂ ಹೊಸದಾಗಿ ನೋಡಬಹುದು.

ಲೆಕ್ಕವನ್ನು ಇಲ್ಲಿಯೇ ಮಾಡಿ ನೋಡೋಣ. ನಾಲ್ವರು ಅವಲಂಬಿತರಿರುವಾಗ ಮೃತರ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆಯಬೇಕು. 12,000ದಲ್ಲಿ ಉಳಿಯುವುದು 9,000, ವರ್ಷಕ್ಕೆ 1,08,000. ಮೂವತ್ತೆಂಟರ ವಯಸ್ಸಿಗೆ ಗುಣಕ 15. ನ್ಯಾಯಮಂಡಳಿಯ 16,20,000 ಬಂದದ್ದು ಹೀಗೆ. ಈ ಲೆಕ್ಕದಲ್ಲಿ ಭವಿಷ್ಯದ ಆದಾಯವೃದ್ಧಿ ಬಿಟ್ಟುಹೋಗಿದೆ. ಖಾಯಂ ನೌಕರಿ ಇಲ್ಲದವರಿಗೂ ನಲವತ್ತು ವರ್ಷದೊಳಗಿದ್ದರೆ ಆದಾಯಕ್ಕೆ ಶೇಕಡಾ 40 ಸೇರಿಸಬೇಕೆಂದು ಪ್ರಣಯ್ ಸೇಠಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2017ರಲ್ಲಿ ಹೇಳಿದೆ. ಹಾಗೆ ಮಾಡಿದರೆ ತಿಂಗಳಿಗೆ 16,800, ಕಾಲು ಭಾಗ ಕಳೆದರೆ 12,600, ವರ್ಷಕ್ಕೆ 1,51,200, ಹದಿನೈದರಿಂದ ಗುಣಿಸಿದರೆ 22,68,000. ವ್ಯತ್ಯಾಸ 6,48,000 ರೂಪಾಯಿ. ಅಂತ್ಯಕ್ರಿಯೆಯ ಖರ್ಚು, ಆಸ್ತಿ ನಷ್ಟ ಮತ್ತು ಸಾಂಗತ್ಯದ ನಷ್ಟಗಳಿಗೆ ಅದೇ ತೀರ್ಪು ನಿಗದಿಪಡಿಸಿದ ಕ್ರಮವಾಗಿ 15,000, 15,000 ಮತ್ತು 40,000 ರೂಪಾಯಿಗಳು ಮೂರು ವರ್ಷಕ್ಕೊಮ್ಮೆ ಶೇಕಡಾ 10ರಂತೆ ಏರುತ್ತವೆ. ಸಾಂಗತ್ಯದ ನಷ್ಟ ನಿಮಗೆ ಮಾತ್ರವಲ್ಲದೆ ಮಕ್ಕಳಿಗೂ ಅತ್ತೆಯವರಿಗೂ ಸಲ್ಲಬೇಕು.

ಆದರೆ ಇದು ತಾನಾಗಿ ಆಗಲೆಂದು ಕಾಯಬಾರದು. ನಿಮ್ಮದೇ ಮೇಲ್ಮನವಿಯನ್ನು 90 ದಿನಗಳೊಳಗೆ ಸಲ್ಲಿಸಬಹುದು. ಆ ಅವಧಿ ಮೀರಿದ್ದರೆ, ಕಂಪನಿಯ ಮೇಲ್ಮನವಿಯ ನೋಟೀಸು ಕೈಸೇರಿದ ಒಂದು ತಿಂಗಳೊಳಗೆ ಅದೇ ಪ್ರಕರಣದಲ್ಲಿ ಪ್ರತ್ಯಾಕ್ಷೇಪಣೆ ಸಲ್ಲಿಸಬಹುದು. ನೋಟೀಸನ್ನು ಅಂಚೆಯವನಿಗೆ ಹಿಂದಿರುಗಿಸಿದರೆ ಪ್ರಕರಣ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದ್ದರೆ ಆ ಮಾತನ್ನು ಕೇಳಬೇಡಿ. ಕಂಪನಿಯು ತಡೆಯಾಜ್ಞೆ ಕೇಳಿದಾಗ ಪರಿಹಾರದ ಹಣವನ್ನು ಠೇವಣಿ ಇಡಬೇಕೆಂಬ ಷರತ್ತನ್ನು ಹೈಕೋರ್ಟ್ ಹಾಕುವುದು ವಾಡಿಕೆ. ಅದರಲ್ಲಿ ಒಂದಂಶವನ್ನು ಬಿಡುಗಡೆ ಮಾಡಬೇಕೆಂದು ಮಕ್ಕಳ ಶಾಲೆಯ ಶುಲ್ಕದ ರಸೀದಿ ಲಗತ್ತಿಸಿ ಅರ್ಜಿ ಹಾಕಬಹುದು.

12,000ದ ಅಂಕಿಯೇ ಕಡಿಮೆಯಾಯಿತೆಂದು ವಾದಿಸಲು ಕಡತದಲ್ಲಿ ಏನಿದೆ ಎಂಬುದು ಮುಖ್ಯ. ಬೋಟಿನವರಿಗೆ ಸಂಬಳದ ಚೀಟಿ ಇರುವುದಿಲ್ಲ, ಹಿಡಿದ ಮೀನಿನಲ್ಲಿ ಪಾಲು ಬರುತ್ತದೆ. ಮಾಲೀಕರು ಉಡುಪಿಯಲ್ಲಿ ಸಾಕ್ಷಿ ಹೇಳಿದ್ದರೆ, ಅವರ ಪಾಲಿನ ಲೆಕ್ಕದ ಪುಸ್ತಕ ಹಾಜರಾಗಿದ್ದರೆ, ಗಂಡನ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮಳೆಗಾಲದ ರಜೆ ಬಿಟ್ಟು ಉಳಿದ ತಿಂಗಳುಗಳ ಜಮೆ ಕಾಣುತ್ತಿದ್ದರೆ ಅದಕ್ಕೆ ಬೆಲೆ ಇದೆ. ಏನೂ ಇಲ್ಲದಿದ್ದರೆ, ಅಪಘಾತದ ವರ್ಷಕ್ಕೆ ಲೋಕ ಅದಾಲತ್‌ಗಳಲ್ಲಿ ಅನುಸರಿಸುವ ಅಂದಾಜು ಆದಾಯದ ಪಟ್ಟಿಯನ್ನು ನಮ್ಮ ಹೈಕೋರ್ಟ್ ಸಾಮಾನ್ಯವಾಗಿ ಆಧಾರವಾಗಿ ಹಿಡಿಯುತ್ತದೆ. ನಿಮ್ಮ ವಕೀಲರು ಆ ಪಟ್ಟಿಯ ಅಂಕಿಯನ್ನು 12,000ದ ಜೊತೆ ಹೋಲಿಸಿ ನೋಡಲಿ.

ಪ್ರಶ್ನೆ: ಸಾಲಕ್ಕೆ ಭದ್ರತೆಯೆಂದು ಕೊಟ್ಟ ಖಾಲಿ ಚೆಕ್ಕನ್ನು ತುಂಬಿಸಿ ನನ್ನ ಮೇಲೆ ಪ್ರಕರಣ ಹಾಕಿದರು. ಕುಂದಾಪುರದಲ್ಲಿ ಶಿಕ್ಷೆಯಾಗಿ, ಸೆಷನ್ಸ್ ನ್ಯಾಯಾಲಯದಲ್ಲಿಯೂ ಖಾಯಂ ಆಗಿದೆ. ಹೈಕೋರ್ಟಿನಲ್ಲಿ ಸತ್ಯ ಹೊರಬರುತ್ತದೆಯೇ? (ಓದುಗರು, ಕುಂದಾಪುರ)

ಉತ್ತರ: ನಿಮಗಿರುವುದು ಕ್ರಿಮಿನಲ್ ಪುನರ್ವಿಮರ್ಶಾ ಅರ್ಜಿ, ಅವಧಿ 90 ದಿನ. ಕೆಳಗಿನ ತೀರ್ಪು ಕಾನೂನಿಗೆ ಅನುಗುಣವಾಗಿದೆಯೇ, ಎದ್ದು ಕಾಣುವ ಅಸಂಗತತೆ ಇದೆಯೇ ಎಂದಷ್ಟೇ ಅಲ್ಲಿ ನೋಡುತ್ತಾರೆ, ಸಾಕ್ಷ್ಯವನ್ನು ಮರುತೂಕ ಮಾಡುವುದಿಲ್ಲ. ಚೆಕ್ಕಿನ ಸಹಿ ನಿಮ್ಮದೆಂದು ಒಪ್ಪಿದ ಮೇಲೆ ಅದನ್ನು ಸಾಲ ತೀರಿಸಲೆಂದೇ ಕೊಟ್ಟದ್ದೆಂಬ ಪೂರ್ವಭಾವನೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 139ನೆಯ ಕಲಮಿನಲ್ಲಿದೆ. ಅದನ್ನು ಕುಂದಾಪುರದಲ್ಲಿಯೇ, ಫಿರ್ಯಾದಿಯ ಪಾಟೀ ಸವಾಲಿನಲ್ಲಿ, ಅಲುಗಾಡಿಸಬೇಕಿತ್ತು. ಹೈಕೋರ್ಟಿನ ಹಂತದಲ್ಲಿಯೂ ರಾಜಿಗೆ ಅವಕಾಶವಿದೆ. ಆದರೆ ತಡವಾಗಿ ರಾಜಿಯಾದಷ್ಟೂ ಚೆಕ್ಕಿನ ಮೊತ್ತದ ಮೇಲೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಟ್ಟಬೇಕಾದ ವೆಚ್ಚ ಏರುತ್ತದೆ. ನನ್ನನ್ನು ಕೇಳಿದರೆ ಈ ಹಂತದಲ್ಲಿ ಮಾತುಕತೆಗೆ ಕೂರುವುದೇ ವಾಸಿ.

ಪ್ರಶ್ನೆ: ನನ್ನ ಅಂಗಡಿಯ ಪರವಾನಗಿ ರದ್ದಾದ ರಿಟ್ಟನ್ನು ಒಬ್ಬರೇ ನ್ಯಾಯಮೂರ್ತಿ ವಜಾ ಮಾಡಿದರು. ಉಡುಪಿಯ ಕಾಲೇಜಿನ ಹಿಜಾಬ್ ಪ್ರಕರಣವನ್ನು ಮೂವರು ಕೇಳಿದ್ದರು. ಈ ತಾರತಮ್ಯ ಏಕೆ? (ಓದುಗರು, ಮಂಗಳೂರು)

ಉತ್ತರ: ಆ ಪ್ರಕರಣವೂ ಮೊದಲು ಒಬ್ಬರೇ ನ್ಯಾಯಮೂರ್ತಿಗಳ ಮುಂದೆಯೇ ಬಂದಿತ್ತು. ಸಂವಿಧಾನದ ಮಹತ್ವದ ಪ್ರಶ್ನೆಗಳಿವೆಯೆಂದು ಅವರು 2022ರ ಫೆಬ್ರವರಿ 9ರಂದು ಕಡತವನ್ನು ಮುಖ್ಯ ನ್ಯಾಯಮೂರ್ತಿಗಳಿಗೆ ಕಳುಹಿಸಿದರು. ಯಾವ ವಿಷಯವನ್ನು ಯಾರು, ಎಷ್ಟು ಮಂದಿ ಕೇಳಬೇಕೆಂದು ಹಂಚುವ ಅಧಿಕಾರ ಮುಖ್ಯ ನ್ಯಾಯಮೂರ್ತಿಗಳದ್ದು. ಅವರು ಮೂವರ ಪೀಠ ರಚಿಸಿದರು. ಆ ಪೀಠ ಮಾರ್ಚ್ 15ರಂದು ಅರ್ಜಿಗಳನ್ನು ವಜಾ ಮಾಡಿತು. ಅದೇ ವರ್ಷದ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟು, ಸೂಕ್ತ ಪೀಠ ರಚನೆಗಾಗಿ ವಿಷಯವನ್ನು ಭಾರತದ ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಹೇಳಿದರು. ಸಾಮಾನ್ಯ ರಿಟ್‌ಗಳು ಏಕಸದಸ್ಯ ಪೀಠಕ್ಕೆ, ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳು ಇಬ್ಬರ ವಿಭಾಗೀಯ ಪೀಠಕ್ಕೆ ಹೋಗುತ್ತವೆ. ಹಿಂದಿನ ವಿಭಾಗೀಯ ಪೀಠದ ತೀರ್ಪು ಏಕಸದಸ್ಯ ಪೀಠವನ್ನು ಕಟ್ಟಿಹಾಕುತ್ತದೆ. ಅದರ ಬಗ್ಗೆ ಅನುಮಾನವಿದ್ದರೆ ದೊಡ್ಡ ಪೀಠಕ್ಕೆ ಒಪ್ಪಿಸಬಹುದೇ ಹೊರತು ಮೀರುವಂತಿಲ್ಲ.

ನಿಮಗೆ ಬೇಕಾದ ಮಾತು ಇದು: ಏಕಸದಸ್ಯ ಪೀಠದ ಆದೇಶದ ಮೇಲೆ ಕರ್ನಾಟಕ ಹೈಕೋರ್ಟ್ ಕಾಯಿದೆ, 1961ರ 4ನೆಯ ಕಲಮಿನಡಿ ಇಬ್ಬರು ನ್ಯಾಯಮೂರ್ತಿಗಳ ಮುಂದೆ ರಿಟ್ ಮೇಲ್ಮನವಿ ಸಲ್ಲಿಸಬಹುದು. ಅವಧಿ 30 ದಿನ ಮಾತ್ರ. ನಿಮ್ಮ ಪತ್ರದ ದಿನಾಂಕ ನೋಡಿದರೆ ಅದರಲ್ಲಿ ಬಹಳ ದಿನ ಉಳಿದಿಲ್ಲ.

ಇದೇ ಓದುಗರು ಮಧ್ಯಂತರ ಆದೇಶ ಮತ್ತು ಅಂತಿಮ ತೀರ್ಪಿನ ವ್ಯತ್ಯಾಸವನ್ನೂ ಕೇಳಿದ್ದಾರೆ. 2016ರ ನವೆಂಬರಿನಲ್ಲಿ ಕಂಬಳ ನಿಂತದ್ದು ಹೈಕೋರ್ಟಿನ ಮಧ್ಯಂತರ ತಡೆಯಿಂದ. ಅಂತಿಮ ವಿಚಾರಣೆ ಮುಗಿಯುವವರೆಗೆ ಪರಿಸ್ಥಿತಿ ಹೀಗಿರಲಿ ಎಂಬುದಷ್ಟೇ ಅಂಥ ಆದೇಶದ ತಿರುಳು. ಆ ನಡುವೆ ಶಾಸಕಾಂಗ ಕಾನೂನನ್ನೇ ಬದಲಿಸಿತು. 2017ರ ಆ ತಿದ್ದುಪಡಿಯನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿಯಿತು.

ಪ್ರಶ್ನೆ: ಪ್ರತಿ ವಾಯಿದೆಗೂ ಘಾಟಿ ಹತ್ತಿ ಬೆಂಗಳೂರಿಗೆ ಹೋಗಬೇಕೇ? ಧಾರವಾಡದವರಿಗೆ ಅಲ್ಲಿಯೇ ಪೀಠವಿದೆಯಲ್ಲ? (ಓದುಗರು, ಕಾರ್ಕಳ)

ಉತ್ತರ: ಧಾರವಾಡ ಮತ್ತು ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿ ಪೀಠಗಳು ಆರಂಭವಾಗಿ 2013ರಲ್ಲಿ ಖಾಯಂ ಆದವು. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳು ಬೆಂಗಳೂರಿನ ಪ್ರಧಾನ ಪೀಠದ ವ್ಯಾಪ್ತಿಯಲ್ಲಿವೆ. ಮಂಗಳೂರಿನಲ್ಲಿ ಪೀಠ ಬೇಕೆಂಬ ಬೇಡಿಕೆ ಕರಾವಳಿಯ ವಕೀಲರದ್ದು, ನನ್ನದೂ ಹೌದು. ಮೇಲ್ಮನವಿಯಲ್ಲಿ ಪಕ್ಷಗಾರರು ಹಾಜರಿರಬೇಕಾದ ಸಂದರ್ಭ ವಿರಳ. ವಕೀಲರು ವೀಡಿಯೊ ಮೂಲಕ ಇಲ್ಲಿಂದಲೇ ವಾದಿಸುವ ವ್ಯವಸ್ಥೆಯೂ ಇದೆ. ಪ್ರಕರಣದ ಸಂಖ್ಯೆ ಇದ್ದರೆ ಮುಂದಿನ ದಿನಾಂಕ ಮತ್ತು ಆದೇಶಗಳನ್ನು ಹೈಕೋರ್ಟಿನ ಜಾಲತಾಣದಲ್ಲಿ ನೀವೇ ನೋಡಬಹುದು. ಖರ್ಚಿನ ಚಿಂತೆಯಿದ್ದರೆ ಹೈಕೋರ್ಟಿನ ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಇದಕ್ಕೆ ಆದಾಯದ ಮಿತಿಯಿಲ್ಲ. ಉಡುಪಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ.

ಪ್ರಶ್ನೆ: ಮಂಗಳೂರಿನ ಮೇಲ್ಮನವಿಯಲ್ಲಿ ನಾನು ಗೆದ್ದಿದ್ದೇನೆ. ಎದುರು ಪಕ್ಷದವರು ನನಗೆ ತಿಳಿಯದಂತೆ ಹೈಕೋರ್ಟಿನಿಂದ ತಡೆಯಾಜ್ಞೆ ತರುತ್ತಾರೆಂಬ ಭಯ. (ಓದುಗರು, ಸುರತ್ಕಲ್)

ಉತ್ತರ: ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಮಿನಡಿ ಹೈಕೋರ್ಟಿನಲ್ಲಿ ಕೇವಿಯಟ್ ಸಲ್ಲಿಸಿ, ಅದರ ಪ್ರತಿಯನ್ನು ಎದುರು ಪಕ್ಷದವರಿಗೆ ಸ್ವೀಕೃತಿ ಸಹಿತ ನೋಂದಾಯಿತ ಅಂಚೆಯಲ್ಲಿ ಕಳುಹಿಸಿ. ಅದಾದ ಮೇಲೆ ನಿಮಗೆ ನೋಟೀಸು ಕೊಡದೆ ಮಧ್ಯಂತರ ಆದೇಶ ಮಾಡುವಂತಿಲ್ಲ. ಕೇವಿಯಟ್ಟಿನ ಆಯುಸ್ಸು 90 ದಿನ. ಅಷ್ಟರೊಳಗೆ ಅವರು ಮೇಲ್ಮನವಿ ಹಾಕದಿದ್ದರೆ ಇನ್ನೊಂದನ್ನು ಹೊಸದಾಗಿ ಸಲ್ಲಿಸಬೇಕಾಗುತ್ತದೆ.